ಅನುಮತಿರಹಿತ ಗೃಹ ನಿರ್ಮಾಣ (ಕರ್ನಾಟಕ)

ಅನುಮತಿರಹಿತ ಗೃಹ ನಿರ್ಮಾಣ ಎಂದರೆ ಕಾನೂನಿನ ಪ್ರಕಾರ ಪಡೆಯಬೇಕಾದ ಮಂಜೂರಾತಿಯನ್ನು ಪಡೆಯದೆ, ಅಥವಾ ಪಡೆದ ಮಂಜೂರಾತಿಯನ್ನು ಮೀರಿ ಮನೆ ಕಟ್ಟುವುದು. ಆಡಳಿತದ ಭಾಷೆಯಲ್ಲಿ ಇಂಥ ಮನೆಯನ್ನು ‘ಅನಧಿಕೃತ ಕಟ್ಟಡ’ ಎಂದೂ ಜನಬಳಕೆಯಲ್ಲಿ ‘ಅಕ್ರಮ ಮನೆ’ ಎಂದೂ ಕರೆಯುತ್ತಾರೆ. ಕರ್ನಾಟಕದ ನಗರಗಳಲ್ಲಿ, ನಗರಗಳ ಅಂಚಿನ ಹಳ್ಳಿಗಳಲ್ಲಿ ಇಂಥ ಮನೆಗಳು ದೊಡ್ಡ ಸಂಖ್ಯೆಯಲ್ಲಿವೆ. ಇವುಗಳಲ್ಲಿ ವಾಸಿಸುವವರೆಲ್ಲರೂ ತಿಳಿದೂ ತಿಳಿದೂ ಕಾನೂನು ಮೀರಿದವರಲ್ಲ. ಕ್ರಯಪತ್ರ ನೋಂದಣಿಯಾಗಿದೆ, ಕಂದಾಯ ಕಟ್ಟಿದ ರಸೀದಿ ಇದೆ, ವಿದ್ಯುತ್ ಸಂಪರ್ಕವೂ ಇದೆ ಎಂಬ ನೆಮ್ಮದಿಯಲ್ಲಿದ್ದು, ಮನೆಯನ್ನು ಮಾರುವಾಗಲೋ ಸಾಲ ಕೇಳುವಾಗಲೋ ನೋಟಿಸು ಬಂದಾಗಲೋ ಮನೆಗೆ ಅನುಮತಿಯೇ ಇಲ್ಲವೆಂಬುದನ್ನು ಅರಿತವರು ಅನೇಕರು. ಒಡೆತನದ ದಾಖಲೆ, ತೆರಿಗೆಯ ದಾಖಲೆ ಮತ್ತು ನಿರ್ಮಾಣದ ಅನುಮತಿ ಇವು ಮೂರು ಬೇರೆ ಬೇರೆ ಸಂಗತಿಗಳೆಂಬುದು ಈ ವಿಷಯದ ತಿರುಳು.

ಹಿನ್ನೆಲೆ

ಮನೆ ಕಟ್ಟುವುದಕ್ಕೆ ಸರ್ಕಾರದ ಅನುಮತಿ ಬೇಕೆಂಬ ನಿಯಮದ ಬೇರು ಸಾರ್ವಜನಿಕ ಆರೋಗ್ಯದಲ್ಲಿದೆ. 1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂದಾಗ, ಗಾಳಿ ಬೆಳಕಿಲ್ಲದೆ ಒತ್ತೊತ್ತಾಗಿದ್ದ ಹಳೆಯ ಪೇಟೆಯ ಓಣಿಗಳು ಹೆಚ್ಚಿನ ಸಾವುನೋವು ಕಂಡವು. ಆ ಬಳಿಕ ರೂಪುಗೊಂಡ ಮಲ್ಲೇಶ್ವರ ಮತ್ತು ಬಸವನಗುಡಿ ಬಡಾವಣೆಗಳಲ್ಲಿ ನೇರವಾದ ರಸ್ತೆಗಳು, ಮನೆಗಳ ಸುತ್ತ ತೆರೆದ ಜಾಗ ಮತ್ತು ಹಿಂಬದಿಯ ಗಲ್ಲಿಗಳಿಗೆ ಅವಕಾಶ ಕಲ್ಪಿಸಲಾಯಿತು. ಮೈಸೂರಿನಲ್ಲಿ 1903ರಲ್ಲಿ ನಗರ ಸುಧಾರಣಾ ಮಂಡಳಿ ಸ್ಥಾಪನೆಯಾಯಿತು. ಬೆಂಗಳೂರಿನಲ್ಲಿ ಇಂಥದೇ ಮಂಡಳಿ 1945ರಲ್ಲಿ ಆರಂಭವಾಗಿ, 1976ರ ಕಾಯ್ದೆಯ ಮೂಲಕ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರವಾಯಿತು.

ರಾಜ್ಯದಾದ್ಯಂತ ಅನ್ವಯವಾಗುವ ಯೋಜನಾ ಕಾನೂನು 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ. ಯಾವ ಪ್ರದೇಶ ವಾಸಕ್ಕೆ, ಯಾವುದು ಕೈಗಾರಿಕೆಗೆ, ಯಾವುದು ಉದ್ಯಾನಕ್ಕೆ ಎಂಬುದನ್ನು ಈ ಕಾಯ್ದೆಯಡಿ ಸಿದ್ಧವಾಗುವ ಮಹಾಯೋಜನೆ ಗೊತ್ತುಪಡಿಸುತ್ತದೆ. ಆದರೆ ನಗರಗಳ ಬೆಳವಣಿಗೆಯ ವೇಗಕ್ಕೆ ತಕ್ಕಂತೆ ಸರ್ಕಾರಿ ಸಂಸ್ಥೆಗಳು ನಿವೇಶನ ಒದಗಿಸಲಾಗಲಿಲ್ಲ. ಆ ಕೊರತೆಯನ್ನು ತುಂಬಿದ್ದು ಗೃಹ ನಿರ್ಮಾಣ ಸಹಕಾರ ಸಂಘಗಳು ಮತ್ತು ‘ರೆವಿನ್ಯೂ ಸೈಟು’ ಎಂದು ಹೆಸರಾದ ನಿವೇಶನಗಳು.

ಅನುಮತಿಯ ನಾಲ್ಕು ಹಂತಗಳು

ಒಂದು ಮನೆ ಪೂರ್ಣವಾಗಿ ಸಕ್ರಮವಾಗಬೇಕಾದರೆ ಸಾಮಾನ್ಯವಾಗಿ ನಾಲ್ಕು ಹಂತಗಳನ್ನು ದಾಟಬೇಕು.

1. ಭೂ ಪರಿವರ್ತನೆ: ಕೃಷಿ ಜಮೀನನ್ನು ಬೇರೆ ಉದ್ದೇಶಕ್ಕೆ ಬಳಸಬೇಕಾದರೆ 1964ರ ಕರ್ನಾಟಕ ಭೂ ಕಂದಾಯ ಕಾಯ್ದೆಯ 95ನೇ ಕಲಮಿನಡಿ ಜಿಲ್ಲಾಧಿಕಾರಿಗಳ ಅನುಮತಿ ಬೇಕು. ಹಳ್ಳಿಯ ಗ್ರಾಮಠಾಣದ ಒಳಗಿನ ಜಾಗ ಮೊದಲಿನಿಂದಲೂ ವಾಸದ ನೆಲೆಯಾದ್ದರಿಂದ ಅದರ ಸ್ಥಿತಿ ಬೇರೆ.

2. ಬಡಾವಣೆಯ ಅನುಮೋದನೆ: ಪರಿವರ್ತನೆಯಾದ ಜಮೀನನ್ನು ನಿವೇಶನಗಳಾಗಿ ವಿಂಗಡಿಸಲು ಯೋಜನಾ ಪ್ರಾಧಿಕಾರದ ಒಪ್ಪಿಗೆ ಬೇಕು. 1961ರ ಕಾಯ್ದೆಯ 17ನೇ ಕಲಮು ಇದಕ್ಕೆ ಸಂಬಂಧಿಸಿದ್ದು. ರಸ್ತೆ, ಚರಂಡಿ, ಉದ್ಯಾನ ಮತ್ತು ನಾಗರಿಕ ಸೌಲಭ್ಯಗಳ ಜಾಗವನ್ನು ಈ ಹಂತದಲ್ಲಿಯೇ ಮೀಸಲಿಡಲಾಗುತ್ತದೆ.

3. ಕಟ್ಟಡ ನಕ್ಷೆಯ ಮಂಜೂರಾತಿ: ನಿವೇಶನದಲ್ಲಿ ಎಷ್ಟು ಜಾಗ ಬಿಟ್ಟು, ಎಷ್ಟು ಅಂತಸ್ತಿನ ಮನೆ ಕಟ್ಟಬಹುದು ಎಂಬುದು ಇಲ್ಲಿ ತೀರ್ಮಾನವಾಗುತ್ತದೆ. ಮಹಾನಗರಗಳಲ್ಲಿ 1976ರ ಕರ್ನಾಟಕ ಮಹಾನಗರ ಪಾಲಿಕೆಗಳ ಕಾಯ್ದೆ, ಇತರ ಪಟ್ಟಣಗಳಲ್ಲಿ 1964ರ ಪೌರಸಭೆಗಳ ಕಾಯ್ದೆ, ಹಳ್ಳಿಗಳಲ್ಲಿ 1993ರ ಪಂಚಾಯತ್ ರಾಜ್ ಕಾಯ್ದೆಯ 64ನೇ ಕಲಮು ಅನ್ವಯಿಸುತ್ತವೆ. ಆಡಳಿತ ವ್ಯವಸ್ಥೆ ಬದಲಾದ ಬೆಂಗಳೂರಿಗೆ 2024ರ ಗ್ರೇಟರ್ ಬೆಂಗಳೂರು ಆಡಳಿತ ಕಾಯ್ದೆ ಇದೆ.

4. ಸ್ವಾಧೀನಾನುಭವ ಪತ್ರ: ಮಂಜೂರಾದ ನಕ್ಷೆಯಂತೆಯೇ ಮನೆ ಕಟ್ಟಲಾಗಿದೆ, ಅದು ವಾಸಕ್ಕೆ ಯೋಗ್ಯವಾಗಿದೆ ಎಂದು ಸ್ಥಳೀಯ ಸಂಸ್ಥೆ ನೀಡುವ ಪತ್ರವಿದು. ಜನಬಳಕೆಯಲ್ಲಿ ಇದನ್ನು ‘ಓಸಿ’ ಎನ್ನುತ್ತಾರೆ.

ಈ ನಾಲ್ಕರಲ್ಲಿ ಯಾವುದೊಂದು ತಪ್ಪಿದರೂ ಮನೆ ಅಷ್ಟರ ಮಟ್ಟಿಗೆ ಅನಧಿಕೃತವೇ. ಮೊದಲ ಎರಡು ಹಂತಗಳು ಇಲ್ಲದಿದ್ದರೆ ಮೂರನೆಯದನ್ನು ಕ್ರಮಬದ್ಧವಾಗಿ ಪಡೆಯಲಾಗದು. ಹಾಗಾಗಿ, ಮನೆ ಕಟ್ಟುವವನು ಎಷ್ಟೇ ಪ್ರಾಮಾಣಿಕನಾಗಿದ್ದರೂ ನಿವೇಶನ ಮಾರಿದವನು ಮಾಡಿದ ಲೋಪ ಅವನನ್ನು ಬೆನ್ನಟ್ಟಿ ಬರುತ್ತದೆ.

ಅನಧಿಕೃತ ಮನೆಗಳ ಬಗೆಗಳು

ಅನುಮತಿಯಿಲ್ಲದ ಮನೆಗಳೆಲ್ಲವೂ ಒಂದೇ ಬಗೆಯವಲ್ಲ. ಅವುಗಳ ಮುಂದಿರುವ ಪರಿಹಾರಗಳೂ ಬೇರೆ ಬೇರೆಯಾಗಿರುವುದರಿಂದ ಈ ವಿಂಗಡಣೆ ಮುಖ್ಯವಾಗುತ್ತದೆ.

ನಕ್ಷೆ ಮೀರಿದ ಮನೆಗಳು: ಜಮೀನು, ಬಡಾವಣೆ ಎರಡೂ ಕ್ರಮಬದ್ಧವಾಗಿರುತ್ತವೆ, ನಕ್ಷೆಯೂ ಮಂಜೂರಾಗಿರುತ್ತದೆ. ಆದರೆ ಕಟ್ಟುವಾಗ ಪಕ್ಕದಲ್ಲಿ ಬಿಡಬೇಕಾದ ಜಾಗವನ್ನು ಒಳಗೆ ಸೇರಿಸಿಕೊಳ್ಳುವುದು, ಎರಡು ಅಂತಸ್ತಿಗೆ ಅನುಮತಿ ಪಡೆದು ಬಾಡಿಗೆಯ ಆಸೆಗೆ ನಾಲ್ಕು ಅಂತಸ್ತು ಏರಿಸುವುದು, ವಾಹನ ನಿಲುಗಡೆಯ ಜಾಗವನ್ನು ಮಳಿಗೆ ಮಾಡುವುದು ಇಲ್ಲಿ ಕಾಣುವ ಉಲ್ಲಂಘನೆಗಳು. 30×40 ಅಡಿಯ ನಿವೇಶನಗಳಲ್ಲಿ ಇದು ಹೆಚ್ಚು.

ರೆವಿನ್ಯೂ ಸೈಟಿನ ಮನೆಗಳು: ಕೃಷಿ ಜಮೀನನ್ನು ಪರಿವರ್ತನೆ ಅಥವಾ ಬಡಾವಣೆಯ ಅನುಮೋದನೆ ಇಲ್ಲದೆ ತುಂಡು ಮಾಡಿ ಮಾರಿದ ನಿವೇಶನಗಳಿವು. 1 ಎಕರೆಗೆ 40 ಗುಂಟೆ, 1 ಗುಂಟೆಗೆ 1,089 ಚದರ ಅಡಿ. ಗುಂಟೆಯ ಲೆಕ್ಕದಲ್ಲಿ ಜಮೀನು ಕೊಂಡು, ಚದರ ಅಡಿಯ ಲೆಕ್ಕದಲ್ಲಿ ಮಾರುವ ಮಧ್ಯವರ್ತಿಗೆ ದೊರೆಯುವ ಲಾಭವೇ ಈ ವ್ಯವಹಾರದ ಮೂಲ. ರಸ್ತೆಗೆ, ಉದ್ಯಾನಕ್ಕೆ ಜಾಗ ಬಿಡದಿರುವುದರಿಂದ ನಿವೇಶನದ ಬೆಲೆ ಕಡಿಮೆಯಾಗಿ ಕಾಣುತ್ತದೆ. ಆ ಉಳಿತಾಯದ ಬೆಲೆಯನ್ನು ಮುಂದೆ ಕಿರಿದಾದ ಓಣಿ, ಹರಿಯದ ಚರಂಡಿ, ಬಾರದ ಕುಡಿಯುವ ನೀರಿನ ರೂಪದಲ್ಲಿ ನಿವಾಸಿಗಳು ತೆರುತ್ತಾರೆ.

ಸರ್ಕಾರಿ ಜಮೀನಿನ ಮನೆಗಳು: ಗೋಮಾಳ, ಖರಾಬು ಮುಂತಾದ ಸರ್ಕಾರಿ ಜಾಗದಲ್ಲಿ ಭೂರಹಿತರು ಕಟ್ಟಿಕೊಂಡ ಮನೆಗಳು ಈ ಗುಂಪಿಗೆ ಸೇರುತ್ತವೆ. ನಗರದ ಕೊಳೆಗೇರಿಗಳ ಮನೆಗಳಿಗೆ 1973ರ ಕರ್ನಾಟಕ ಕೊಳಚೆ ಪ್ರದೇಶಗಳ (ಅಭಿವೃದ್ಧಿ ಮತ್ತು ನಿರ್ಮೂಲನ) ಕಾಯ್ದೆ ಪ್ರತ್ಯೇಕ ರಕ್ಷಣೆಯ ದಾರಿಯನ್ನು ಒದಗಿಸುತ್ತದೆ.

ಕೆರೆ, ರಾಜಕಾಲುವೆಗಳ ಮೇಲಿನ ಮನೆಗಳು: ಮಳೆನೀರು ಒಂದು ಕೆರೆಯಿಂದ ಮತ್ತೊಂದು ಕೆರೆಗೆ ಹರಿಯುವ ಕಾಲುವೆಯನ್ನು ರಾಜಕಾಲುವೆ ಎನ್ನುತ್ತಾರೆ. ಬೆಂಗಳೂರಿನ ಪರಿಷ್ಕೃತ ಮಹಾಯೋಜನೆ 2015ರಲ್ಲಿ ಕೆರೆಯ ಸುತ್ತ 30 ಮೀಟರ್ ಜಾಗವನ್ನೂ, ಪ್ರಾಥಮಿಕ, ದ್ವಿತೀಯ ಮತ್ತು ತೃತೀಯ ಹಂತದ ಕಾಲುವೆಗಳ ಮಧ್ಯಭಾಗದಿಂದ ಕ್ರಮವಾಗಿ 50, 25 ಮತ್ತು 15 ಮೀಟರ್ ಜಾಗವನ್ನೂ ಕಟ್ಟಡರಹಿತ ವಲಯವಾಗಿ ಗುರುತಿಸಲಾಯಿತು. 2016ರ ಮೇ ತಿಂಗಳಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಈ ಅಂತರಗಳನ್ನು ಹೆಚ್ಚಿಸಿತು. 2019ರ ಮಾರ್ಚ್‌ನಲ್ಲಿ ಸರ್ವೋಚ್ಚ ನ್ಯಾಯಾಲಯ ಆ ಹೆಚ್ಚಳವನ್ನು ರದ್ದುಪಡಿಸಿತು.

ಖಾತೆಯ ಕುರಿತ ತಪ್ಪು ತಿಳಿವಳಿಕೆ

‘ಖಾತೆ’ ಎಂಬುದು ಆಸ್ತಿ ತೆರಿಗೆಯನ್ನು ಯಾರಿಂದ ವಸೂಲು ಮಾಡಬೇಕು ಎಂಬುದನ್ನು ಗುರುತಿಸಲು ಸ್ಥಳೀಯ ಸಂಸ್ಥೆ ಇಡುವ ಲೆಕ್ಕ. ಅದು ಒಡೆತನದ ಪತ್ರವಲ್ಲ. ಕಟ್ಟಡದ ಅನುಮತಿಯಂತೂ ಅಲ್ಲವೇ ಅಲ್ಲ.

2007ರಲ್ಲಿ 7 ನಗರಸಭೆಗಳು, 1 ಪುರಸಭೆ ಮತ್ತು 110 ಹಳ್ಳಿಗಳನ್ನು ಸೇರಿಸಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ರಚನೆಯಾಯಿತು. ಹಾಗೆ ಸೇರಿದ ಪ್ರದೇಶಗಳಲ್ಲಿ ಅನುಮೋದನೆಯಿಲ್ಲದ ಆಸ್ತಿಗಳು ವಿಪುಲವಾಗಿದ್ದವು. ಅವುಗಳಿಂದಲೂ ತೆರಿಗೆ ಪಡೆಯಬೇಕಿತ್ತು, ಆದರೆ ಅವನ್ನು ಸಕ್ರಮ ಆಸ್ತಿಗಳ ಸಾಲಿನಲ್ಲಿ ಇಡುವಂತಿರಲಿಲ್ಲ. ಆದ್ದರಿಂದ ಪ್ರತ್ಯೇಕ ವಹಿಯಲ್ಲಿ ಅವುಗಳ ವಿವರ ಬರೆದಿಡಲಾಯಿತು. ಇದೇ ‘ಬಿ’ ವಹಿ. ಜನರ ಬಾಯಲ್ಲಿ ‘ಬಿ ಖಾತೆ’. ಹಳ್ಳಿಗಳಲ್ಲಿ 2013ರಲ್ಲಿ ಜಾರಿಗೆ ಬಂದ ಇ-ಸ್ವತ್ತು ವ್ಯವಸ್ಥೆಯಲ್ಲಿ ಸಕ್ರಮ ಆಸ್ತಿಗೆ ನಮೂನೆ 9 ಮತ್ತು 11 ದೊರೆತರೆ, ಕ್ರಮಬದ್ಧವಲ್ಲದ ಆಸ್ತಿಗೆ ನಮೂನೆ ‘11ಬಿ’ ದೊರೆಯುತ್ತದೆ.

ಅನಧಿಕೃತ ಕಟ್ಟಡದಿಂದ ತೆರಿಗೆ ಪಡೆದ ಮಾತ್ರಕ್ಕೆ ಅದು ಸಕ್ರಮವಾಗುವುದಿಲ್ಲ ಎಂಬುದನ್ನು ಕಾಯ್ದೆಯೇ ಸ್ಪಷ್ಟಪಡಿಸಿದೆ. ಕ್ರಯಪತ್ರದ ನೋಂದಣಿಯೂ ಹಾಗೆಯೇ. ಇಬ್ಬರ ನಡುವೆ ವ್ಯವಹಾರ ನಡೆದಿದೆ ಎಂಬುದಕ್ಕೆ ಅದು ಸಾಕ್ಷಿಯಾಗುತ್ತದೆಯೇ ಹೊರತು, ಮಾರಿದ ಸ್ವತ್ತು ಮನೆ ಕಟ್ಟಲು ಯೋಗ್ಯವೇ ಎಂಬುದನ್ನು ಹೇಳುವುದಿಲ್ಲ. ಸರ್ಕಾರವೇ ಮುದ್ರಾಂಕ ಶುಲ್ಕ ಪಡೆದಿದೆ, ಪಾಲಿಕೆಯೇ ಕಂದಾಯ ಪಡೆದಿದೆ, ಇನ್ನು ತಪ್ಪೆಲ್ಲಿದೆ ಎಂಬ ನಿವಾಸಿಗಳ ಪ್ರಶ್ನೆ ಸಹಜವಾದದ್ದು. ಆದರೆ ಕಾನೂನಿನ ಮುಂದೆ ಆ ವಾದ ನಿಲ್ಲುವುದಿಲ್ಲ.

ಕಾರಣಗಳು

ಅನುಮೋದಿತ ಬಡಾವಣೆಯ ನಿವೇಶನದ ಬೆಲೆ ಸಾಮಾನ್ಯ ಕುಟುಂಬದ ಕೈಗೆಟುಕದಿರುವುದು ಮೊದಲನೆಯ ಕಾರಣ. ಕಚೇರಿಗಳಲ್ಲಾಗುವ ವಿಳಂಬ, ಹಲವು ಇಲಾಖೆಗಳ ಅಲೆದಾಟ ಮತ್ತು ಲಂಚದ ಭಯ ಎರಡನೆಯದು. ‘ಮೊದಲು ಕಟ್ಟಿಬಿಡಿ, ಆಮೇಲೆ ದಂಡ ಕಟ್ಟಿದರಾಯಿತು’ ಎಂಬ ಮಧ್ಯವರ್ತಿಗಳ ಭರವಸೆ ಮೂರನೆಯದು. ಕಾಲಕಾಲಕ್ಕೆ ಸಕ್ರಮದ ಯೋಜನೆಗಳು ಪ್ರಕಟವಾಗುತ್ತಿರುವುದು ಈ ಭರವಸೆಗೆ ಬಲ ನೀಡಿದೆ. ನಿವೇಶನ ಕಿರಿದಾಗಿದ್ದು ಸಂಸಾರ ದೊಡ್ಡದಾಗಿದ್ದರೆ, ನಿಯಮದಂತೆ ನಾಲ್ಕೂ ಕಡೆ ಜಾಗ ಬಿಟ್ಟ ಮೇಲೆ ಉಳಿಯುವ ನೆಲ ಸಾಲದು ಎಂಬ ಕಷ್ಟವೂ ನಿಜವಾದದ್ದೇ.

ಪರಿಣಾಮಗಳು

ನಿವಾಸಿಗೆ ಆಗುವ ತೊಂದರೆಗಳು ಹಲವು. ಬಿ ಖಾತೆಯ ಆಸ್ತಿಗೆ ಅನೇಕ ಬ್ಯಾಂಕುಗಳು ಗೃಹಸಾಲ ನೀಡುವುದಿಲ್ಲ. ಹೆಚ್ಚಿನ ಬಡ್ಡಿಯ ಖಾಸಗಿ ಸಾಲ ಅನಿವಾರ್ಯವಾಗುತ್ತದೆ. ಮಾರುವಾಗ ಬೆಲೆ ಕುಸಿಯುತ್ತದೆ. ಆ ಜಮೀನು ಸಾರ್ವಜನಿಕ ಉದ್ದೇಶಕ್ಕೆ ಸ್ವಾಧೀನವಾದರೆ ಪರಿಹಾರದ ವಿಷಯದಲ್ಲಿ ತಕರಾರು ಏಳುತ್ತದೆ.

ನೆರೆಹೊರೆಯವರಿಗೂ ನಷ್ಟವಿದೆ. ಬಿಡಬೇಕಾದ ಜಾಗ ಬಿಡದಿದ್ದರೆ ಪಕ್ಕದ ಮನೆಯ ಗಾಳಿ ಬೆಳಕು ಕಡಿಮೆಯಾಗುತ್ತದೆ. ಬೆಂಕಿ ಬಿದ್ದಾಗ ಅಗ್ನಿಶಾಮಕ ವಾಹನ ಓಣಿಯೊಳಗೆ ಬರಲಾಗುವುದಿಲ್ಲ. ರಾಜಕಾಲುವೆ ಕಿರಿದಾದರೆ ಮಳೆಗಾಲದಲ್ಲಿ ನೀರು ನುಗ್ಗುವುದು ಕಾಲುವೆಯ ಮೇಲೆ ಕಟ್ಟಿದ ಮನೆಗೆ ಮಾತ್ರವಲ್ಲ, ಮೇಲ್ಭಾಗದಲ್ಲಿ ನಿಯಮದಂತೆ ಕಟ್ಟಿದ ಮನೆಗೂ ಕೂಡ.

ಎಲ್ಲಕ್ಕಿಂತ ಮಿಗಿಲಾದುದು ಜೀವದ ಅಪಾಯ. ಎರಡು ಅಂತಸ್ತಿಗೆಂದು ಹಾಕಿದ ಅಡಿಪಾಯದ ಮೇಲೆ ನಾಲ್ಕೈದು ಅಂತಸ್ತು ಏರಿದಾಗ ಕಂಬಗಳು ಭಾರ ತಾಳಲಾರವು. 2024ರ ಅಕ್ಟೋಬರ್ 22ರಂದು ಬೆಂಗಳೂರಿನ ಬಾಬುಸಾಪಾಳ್ಯದಲ್ಲಿ ಅನುಮತಿಯಿಲ್ಲದೆ ನಿರ್ಮಾಣವಾಗುತ್ತಿದ್ದ ಬಹುಮಹಡಿ ಕಟ್ಟಡ ಕುಸಿದು ಹಲವು ಕಾರ್ಮಿಕರು ಮೃತಪಟ್ಟರು. ನಕ್ಷೆಯ ಪರಿಶೀಲನೆ ಬರಿಯ ಕಾಗದದ ಕೆಲಸವಲ್ಲ ಎಂಬುದಕ್ಕೆ ಇಂಥ ದುರಂತಗಳೇ ನಿದರ್ಶನ.

ತೆರವಿನ ಕ್ರಮ

ಮಹಾನಗರ ಪಾಲಿಕೆಗಳ ಕಾಯ್ದೆಯ 321ನೇ ಕಲಮಿನಡಿ ಆಯುಕ್ತರು ಮೊದಲು ತಾತ್ಕಾಲಿಕ ಆದೇಶ ಹೊರಡಿಸಿ, ಕಟ್ಟಡವನ್ನು ಏಕೆ ತೆರವುಗೊಳಿಸಬಾರದು ಎಂದು ಮಾಲೀಕರಿಗೆ ಕಾರಣ ಕೇಳುತ್ತಾರೆ. ಉತ್ತರವನ್ನು ಪರಿಶೀಲಿಸಿದ ಮೇಲೆ ಆದೇಶವನ್ನು ದೃಢೀಕರಿಸಬಹುದು, ಮಾರ್ಪಡಿಸಬಹುದು ಅಥವಾ ಕೈಬಿಡಬಹುದು. ಅನಧಿಕೃತ ನಿರ್ಮಾಣವನ್ನು ತಡೆಯಲು ವಿಫಲರಾದ ಅಧಿಕಾರಿಗೆ ದಂಡನೆ ವಿಧಿಸುವ ಅವಕಾಶವನ್ನು 321ಬಿ ಕಲಮು ನೀಡುತ್ತದೆ.

2016ರ ಆಗಸ್ಟ್‌ನಲ್ಲಿ, ಅದರ ಹಿಂದಿನ ತಿಂಗಳ ನೆರೆಯ ಬಳಿಕ, ಬೆಂಗಳೂರಿನ ಬೊಮ್ಮನಹಳ್ಳಿ, ಮಹದೇವಪುರ ಮುಂತಾದ ವಲಯಗಳಲ್ಲಿ ರಾಜಕಾಲುವೆ ಒತ್ತುವರಿ ತೆರವು ಕಾರ್ಯ ನಡೆಯಿತು. ನಿವೇಶನ ವಿಂಗಡಿಸಿ ಮಾರಿದವರು ಹಣ ಪಡೆದು ಹೊರಟುಹೋಗಿದ್ದರು. ಮನೆ ಕಳೆದುಕೊಂಡವರು ಕೊನೆಯಲ್ಲಿ ಕೊಂಡವರು.

2024ರ ನವೆಂಬರ್ 13ರಂದು ಸರ್ವೋಚ್ಚ ನ್ಯಾಯಾಲಯವು ದೇಶದಾದ್ಯಂತ ಅನ್ವಯವಾಗುವಂತೆ, ತೆರವಿಗೆ ಮುನ್ನ ಕನಿಷ್ಠ 15 ದಿನಗಳ ನೋಟಿಸು ನೀಡಬೇಕು, ಮಾಲೀಕರ ಅಹವಾಲನ್ನು ಕೇಳಬೇಕು ಮತ್ತು ಕಾರಣಸಹಿತ ಆದೇಶ ನೀಡಬೇಕು ಎಂದು ನಿರ್ದೇಶಿಸಿತು. ರಸ್ತೆ, ಪಾದಚಾರಿ ಮಾರ್ಗ, ಜಲಮೂಲಗಳಂಥ ಸಾರ್ವಜನಿಕ ಸ್ಥಳಗಳ ಮೇಲಿನ ಅನಧಿಕೃತ ಕಟ್ಟಡಗಳಿಗೆ ಈ ನಿರ್ದೇಶನ ಅನ್ವಯಿಸುವುದಿಲ್ಲ.

ಸಕ್ರಮದ ಪ್ರಯತ್ನಗಳು

ಮನೆಗಳನ್ನೆಲ್ಲ ಕೆಡವುವುದು ಅಸಾಧ್ಯವೆಂಬ ಅರಿವಿನಿಂದ ಹುಟ್ಟಿದ್ದು ‘ಅಕ್ರಮ-ಸಕ್ರಮ’ ಯೋಜನೆ. ಇದಕ್ಕಾಗಿ 1961ರ ಯೋಜನಾ ಕಾಯ್ದೆಗೆ 76ಎಫ್‌ಎಫ್ ಕಲಮನ್ನು ಸೇರಿಸಲಾಯಿತು. 2014ರಲ್ಲಿ ಪ್ರಕಟವಾದ ನಿಯಮಗಳ ಪ್ರಕಾರ 2013ರ ಅಕ್ಟೋಬರ್ 19ಕ್ಕಿಂತ ಮುಂಚಿನ ಉಲ್ಲಂಘನೆಗಳನ್ನು ಶುಲ್ಕ ಪಡೆದು ಸಕ್ರಮಗೊಳಿಸಬಹುದಿತ್ತು. ವಾಸದ ಕಟ್ಟಡಗಳಲ್ಲಿ ಶೇ. 50ರವರೆಗಿನ, ಇತರ ಕಟ್ಟಡಗಳಲ್ಲಿ ಶೇ. 25ರವರೆಗಿನ ಉಲ್ಲಂಘನೆ ಇದರ ಮಿತಿ. ಉದಾಹರಣೆಗೆ, 1 ಮೀಟರ್ ಜಾಗ ಬಿಡಬೇಕಾಗಿದ್ದಲ್ಲಿ ಅರ್ಧ ಮೀಟರನ್ನಾದರೂ ಬಿಟ್ಟಿರುವ ಮನೆ ಮಿತಿಯೊಳಗೆ ಬರುತ್ತಿತ್ತು; ಏನನ್ನೂ ಬಿಡದ ಮನೆ ಬರುತ್ತಿರಲಿಲ್ಲ. ಕೆರೆ, ಕಾಲುವೆ, ರಸ್ತೆ, ಉದ್ಯಾನಗಳ ಜಾಗದಲ್ಲಿ ಕಟ್ಟಿದ ಮನೆಗಳಿಗೆ ಅವಕಾಶವಿರಲಿಲ್ಲ.

ಈ ಯೋಜನೆಯನ್ನು ಪ್ರಶ್ನಿಸಿ ಸಲ್ಲಿಸಿದ ಅರ್ಜಿಗಳನ್ನು 2016ರ ಡಿಸೆಂಬರ್‌ನಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯ ತಳ್ಳಿಹಾಕಿತು. ಆದರೆ 2017ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯ ಯೋಜನೆಗೆ ತಡೆ ನೀಡಿತು.

ಸರ್ಕಾರಿ ಜಮೀನಿನಲ್ಲಿ ಬಡವರು ಕಟ್ಟಿಕೊಂಡ ವಾಸದ ಮನೆಗಳಿಗೆ ಬೇರೆಯದೇ ದಾರಿ ಇದೆ. ಭೂ ಕಂದಾಯ ಕಾಯ್ದೆಯ 94ಸಿ ಕಲಮು ಗ್ರಾಮೀಣ ಪ್ರದೇಶಕ್ಕೂ 94ಸಿಸಿ ಕಲಮು ನಗರ ಪ್ರದೇಶಕ್ಕೂ ಅನ್ವಯಿಸುತ್ತವೆ. ನಿಗದಿತ ದಿನಾಂಕಕ್ಕಿಂತ ಮೊದಲೇ ಕಟ್ಟಿದ್ದ ಮನೆಗಳಿಗೆ, ವಿಸ್ತೀರ್ಣದ ಮಿತಿಯೊಳಗೆ, ಇವುಗಳಡಿ ಹಕ್ಕುಪತ್ರ ನೀಡಲಾಗುತ್ತದೆ.

ಅನುಮತಿ ಪಡೆಯುವುದನ್ನೇ ಸುಲಭಗೊಳಿಸಿದರೆ ಉಲ್ಲಂಘನೆ ಕಡಿಮೆಯಾದೀತು ಎಂಬ ಚಿಂತನೆಯೂ ಇದೆ. ಬೆಂಗಳೂರಿನಲ್ಲಿ 2024ರಲ್ಲಿ ಆರಂಭವಾದ ‘ನಂಬಿಕೆ ನಕ್ಷೆ’ ಯೋಜನೆ ಇದಕ್ಕೆ ನಿದರ್ಶನ. ಇದರಲ್ಲಿ 50×80 ಅಡಿಯವರೆಗಿನ ನಿವೇಶನಗಳ ವಾಸದ ಮನೆಗೆ ಅಧಿಕೃತ ವಾಸ್ತುಶಿಲ್ಪಿ ಅಥವಾ ಎಂಜಿನಿಯರ್ ಮೂಲಕ ಗಣಕೀಕೃತವಾಗಿ ನಕ್ಷೆ ಪಡೆಯಬಹುದು.

ನ್ಯಾಯಾಲಯಗಳ ನಿಲುವು

ಈ ವಿಷಯದಲ್ಲಿ ಪದೇ ಪದೇ ಉಲ್ಲೇಖಗೊಳ್ಳುವ ತೀರ್ಪುಗಳಲ್ಲೊಂದು ಉಡುಪಿಗೆ ಸೇರಿದ್ದು. ಕಲ್ಯಾಣ ಮಂಟಪಕ್ಕೆ ದೊರೆತ ಪರವಾನಗಿಯನ್ನು ಚಿತ್ರಮಂದಿರಕ್ಕೆ ಬದಲಾಯಿಸಿದ್ದನ್ನು ಅಲ್ಲಿನ ನಿವಾಸಿಯೊಬ್ಬರು ಪ್ರಶ್ನಿಸಿದ್ದರು. ಕೆ. ರಾಮದಾಸ ಶೆಣೈ ಪ್ರಕರಣವೆಂದು ಹೆಸರಾದ ಇದರಲ್ಲಿ 1974ರಲ್ಲಿ ಸರ್ವೋಚ್ಚ ನ್ಯಾಯಾಲಯವು, ವಸತಿ ಪ್ರದೇಶದ ಕಾನೂನುಬಾಹಿರ ಕಟ್ಟಡದಿಂದ ಅಲ್ಲಿನ ನಿವಾಸಿಗಳ ಹಕ್ಕಿಗೆ ಧಕ್ಕೆಯಾಗುತ್ತದೆ, ಯೋಜನೆಯನ್ನು ಪಾಲಿಸುವಂತೆ ಪುರಸಭೆಯನ್ನು ಒತ್ತಾಯಿಸುವ ಹಕ್ಕು ಅವರಿಗಿದೆ ಎಂದು ಹೇಳಿತು. ಕಟ್ಟಡಕ್ಕೆ ಹಣ ಖರ್ಚಾಗಿದೆ ಎಂಬುದು ಕಾನೂನುಭಂಗಕ್ಕೆ ಸಮರ್ಥನೆಯಾಗಲಿಲ್ಲ.

ಬಡವರ ವಸತಿಗೆ ಸಂಬಂಧಿಸಿದ ಮುಖ್ಯ ತೀರ್ಪು 1985ರ ಓಲ್ಗಾ ಟೆಲ್ಲಿಸ್ ಪ್ರಕರಣ. ಮುಂಬಯಿಯ ಪಾದಚಾರಿ ಮಾರ್ಗದ ವಾಸಿಗಳ ಈ ಪ್ರಕರಣದಲ್ಲಿ, ಜೀವಿಸುವ ಹಕ್ಕಿನಲ್ಲಿ ಜೀವನೋಪಾಯದ ಹಕ್ಕೂ ಅಡಗಿದೆ ಎಂದು ಸರ್ವೋಚ್ಚ ನ್ಯಾಯಾಲಯ ಒಪ್ಪಿತು. ಆದರೆ ಸಾರ್ವಜನಿಕ ಮಾರ್ಗದಲ್ಲಿ ನೆಲೆಸುವ ಹಕ್ಕು ಯಾರಿಗೂ ಇಲ್ಲವೆಂದೂ ತಿಳಿಸಿತು.

ಒಂದೇ ಸಂಸ್ಥೆಯ ಪರವಾನಗಿ ಸಾಲದು ಎಂಬುದನ್ನು ತೋರಿಸಿದ್ದು ಕೇರಳದ ಮರಡು ಪ್ರಕರಣ. ಅಲ್ಲಿನ ನಾಲ್ಕು ವಸತಿ ಸಮುಚ್ಚಯಗಳಿಗೆ ಸ್ಥಳೀಯ ಪಂಚಾಯಿತಿಯ ಪರವಾನಗಿ ಇತ್ತು, ಕರಾವಳಿ ವಲಯ ನಿರ್ವಹಣಾ ಪ್ರಾಧಿಕಾರದ ಒಪ್ಪಿಗೆ ಇರಲಿಲ್ಲ. 2019ರ ಮೇ ತಿಂಗಳ ಆದೇಶದಂತೆ 2020ರ ಜನವರಿ 11 ಮತ್ತು 12ರಂದು ಅವನ್ನು ಸ್ಫೋಟಕ ಬಳಸಿ ಕೆಡವಲಾಯಿತು. ಫ್ಲ್ಯಾಟ್ ಕೊಂಡವರಿಗೆ ತಲಾ 25 ಲಕ್ಷ ರೂಪಾಯಿ ಮಧ್ಯಂತರ ಪರಿಹಾರ ನೀಡುವಂತೆ ನ್ಯಾಯಾಲಯ ಆದೇಶಿಸಿತ್ತು.

2024ರ ಡಿಸೆಂಬರ್ 17ರಂದು ಸರ್ವೋಚ್ಚ ನ್ಯಾಯಾಲಯವು, ನಿರ್ಮಾಣದ ಸ್ಥಳದಲ್ಲಿ ಮಂಜೂರಾದ ನಕ್ಷೆಯನ್ನು ಪ್ರದರ್ಶಿಸಬೇಕು, ಸ್ವಾಧೀನಾನುಭವ ಪತ್ರವನ್ನು ನೋಡಿದ ಮೇಲೆಯೇ ವಿದ್ಯುತ್ ಮತ್ತು ನೀರಿನ ಸಂಪರ್ಕ ನೀಡಬೇಕು ಎಂದು ನಿರ್ದೇಶಿಸಿತು. ಆ ಬಳಿಕ ರಾಜ್ಯದಲ್ಲಿ ಹೊಸ ಮನೆ ಕಟ್ಟಿದ ಅನೇಕರಿಗೆ ಕಾಯಂ ವಿದ್ಯುತ್ ಸಂಪರ್ಕ ದೊರೆಯುವುದು ಕಷ್ಟವಾಯಿತು. 2025ರಲ್ಲಿ ರಾಜ್ಯ ಸರ್ಕಾರವು 1,200 ಚದರ ಅಡಿವರೆಗಿನ ನಿವೇಶನದ ಸಣ್ಣ ವಾಸದ ಮನೆಗಳಿಗೆ ಈ ಪತ್ರದಿಂದ ವಿನಾಯಿತಿ ನೀಡಿತು. ಇದು ಸ್ವಾಧೀನಾನುಭವ ಪತ್ರದಿಂದ ಮಾತ್ರ ವಿನಾಯಿತಿ. ಮಂಜೂರಾದ ನಕ್ಷೆಯ ಅಗತ್ಯ ಹಾಗೆಯೇ ಉಳಿಯುತ್ತದೆ.

ಪರ-ವಿರೋಧ

ಸಕ್ರಮ ಯೋಜನೆಗಳನ್ನು ವಿರೋಧಿಸುವವರ ಪ್ರಕಾರ, ಇವು ನಿಯಮ ಪಾಲಿಸಿದವರನ್ನು ಮೂರ್ಖರನ್ನಾಗಿಸಿ ಮುರಿದವರಿಗೆ ಬಹುಮಾನ ನೀಡುತ್ತವೆ. ಮುಂದಿನ ಉಲ್ಲಂಘನೆಗೂ ದಾರಿ ತೆರೆಯುತ್ತವೆ. ಬೆಂಬಲಿಸುವವರ ಪ್ರಕಾರ, ಜೀವಮಾನದ ಉಳಿತಾಯವನ್ನು ಸುರಿದ ಕುಟುಂಬವನ್ನು ಬೀದಿಗೆ ತಳ್ಳುವುದು ನ್ಯಾಯವಲ್ಲ. ಜನರಿಗೆ ನಿವೇಶನ ಒದಗಿಸಲಾಗದ ಮತ್ತು ಕಣ್ಣೆದುರೇ ಎದ್ದ ಕಟ್ಟಡವನ್ನು ತಡೆಯದ ಆಡಳಿತದ ಪಾಲೂ ಇದರಲ್ಲಿದೆ. ಲಾಭಕ್ಕಾಗಿ ಕಟ್ಟುವ ವೃತ್ತಿಪರ ನಿರ್ಮಾಣಕಾರರ ಉದ್ದೇಶಪೂರ್ವಕ ಉಲ್ಲಂಘನೆಯನ್ನು ಸಾಮಾನ್ಯ ವ್ಯಕ್ತಿ ತಿಳಿಯದೆ ಮಾಡುವ ತಪ್ಪಿನಂತೆ ಕಾಣಬಾರದು ಎಂಬ ಭೇದವನ್ನು ಸರ್ವೋಚ್ಚ ನ್ಯಾಯಾಲಯವೂ 2004ರ ಫ್ರೆಂಡ್ಸ್ ಕಾಲೊನಿ ಪ್ರಕರಣದಲ್ಲಿ ಗುರುತಿಸಿದೆ.

ಪರಿಶೀಲಿಸಬೇಕಾದ ದಾಖಲೆಗಳು

ನಿವೇಶನ ಅಥವಾ ಮನೆ ಕೊಳ್ಳುವವರು ಸಾಮಾನ್ಯವಾಗಿ ನೋಡಬೇಕಾದ ದಾಖಲೆಗಳು ಇವು:

- ಮೂಲ ಜಮೀನಿನ ಪಹಣಿ, ಮ್ಯುಟೇಶನ್ ಮತ್ತು ಋಣಭಾರ ಪತ್ರ
- ಜಿಲ್ಲಾಧಿಕಾರಿಗಳ ಭೂ ಪರಿವರ್ತನೆ ಆದೇಶ
- ಯೋಜನಾ ಪ್ರಾಧಿಕಾರ ಅನುಮೋದಿಸಿದ ಬಡಾವಣೆಯ ನಕ್ಷೆ, ಅದರಲ್ಲಿ ಆ ನಿವೇಶನದ ಸಂಖ್ಯೆ
- ಗ್ರಾಮ ನಕಾಶೆಯಲ್ಲಿ ಕೆರೆ, ಕಾಲುವೆ, ಬಂಡಿದಾರಿಗಳ ಗುರುತು
- ಮಂಜೂರಾದ ಕಟ್ಟಡ ನಕ್ಷೆ ಮತ್ತು ಪರವಾನಗಿ
- ಕಟ್ಟಿದ ಮನೆಯಾದರೆ, ವಿನಾಯಿತಿ ಇಲ್ಲದಿದ್ದಲ್ಲಿ, ಸ್ವಾಧೀನಾನುಭವ ಪತ್ರ
- ಖಾತೆ ಯಾವ ವಹಿಯಲ್ಲಿದೆ ಎಂಬ ವಿವರ

ಪಟ್ಟಿಯ ಕೊನೆಯಲ್ಲಿರುವ ಖಾತೆಯೊಂದನ್ನೇ ನೋಡಿ ವ್ಯವಹಾರ ಮುಗಿಸುವ ರೂಢಿ ವ್ಯಾಪಕವಾಗಿದೆ. ಮೇಲಿನ ಪತ್ರಗಳಿಲ್ಲದೆ ದೊರೆತ ಖಾತೆಯಿಂದ ತೆರಿಗೆ ಕಟ್ಟಲು ಸಾಧ್ಯವಾಗುತ್ತದೆಯೇ ಹೊರತು ಮನೆಗೆ ಭದ್ರತೆ ದೊರೆಯುವುದಿಲ್ಲ.